ಥೂವಕ್ಕನಿಗೊಂದು ಹಾಸಿಗೆ

ಬೆಳಿಗ್ಗೆ ಕಣ್ಣು ಬಿಟ್ಟು ಪೂರ್ತಿ ಎಚ್ಚರವಾಗುವ ಮೊದಲೇ ಆಕೆಯ ಬಾಯಿಂದ ಬೀಳುವ ಮಾತು ‘ಥೂ’. ಗಂಡ ಬಿಚ್ಚಿ ಬಿಸಾಡಿದ ಕಾಲುಚೀಲ ದಿಂಬಿನ ಹತ್ತಿರ ಬಿದ್ದಿದ್ದರೆ ಥೂ. ಸೋಪಿಗೆ ಕೂದಲು ಅಂಟಿಕೊಂಡಿದ್ದರೆ ಥೂ ಥೂ. ಬಸ್ಸಿನಲ್ಲಿ ಪಕ್ಕದವನು ಮೂಗಿಗೆ ಬೆರಳು ಹಾಕಿದರೆ ಎದ್ದು ನಿಂತು ಇಡೀ ಬಸ್ಸಿಗೆ ಕೇಳುವ ಹಾಗೆ ಥೂ. ರೈಲ್ವೆ ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ರೂಮು ಚೊಕ್ಕ ಮಾಡುವ ಕೆಲಸಕ್ಕೆ ಸೇರಿದ ವಾರಕ್ಕೇ ಅಲ್ಲಿನವರು ಆಕೆಗೆ ಥೂವಕ್ಕ ಎಂದು ಹೆಸರಿಟ್ಟರು. ಆ ಹೆಸರು ಹುಟ್ಟುಹೆಸರನ್ನು ನುಂಗಿ ನೀರು ಕುಡಿಯಿತು. ಈಗ ಮ್ಯಾನೇಜರ್ ಕೂಡ ಬೆಳಿಗ್ಗೆ ಬಂದವನೇ “ಥೂವಕ್ಕ ಬಂದ್ರಾ?” ಎಂದೇ ಕೇಳುತ್ತಾನೆ.

ಆಕೆಗೆ ಹೇಸಿಗೆ ಜಾಸ್ತಿ ಎಂದು ನಗುವವರು ಒಂದೇ ಒಂದು ದಿನ ಆಕೆಯ ಜೊತೆ ಮಹಡಿ ಹತ್ತಿ ಬರಬೇಕು. ಮನುಷ್ಯ ಅನ್ನುವ ಪ್ರಾಣಿ ತನ್ನ ಮನೆಯಲ್ಲಿ ಹೇಗಿರುತ್ತಾನೋ ಕಾಣೆ, ಬಾಡಿಗೆ ರೂಮಿಗೆ ಕಾಲಿಟ್ಟ ಕೂಡಲೇ ಹಂದಿಯಾಗುತ್ತಾನೆ. ಕೈ ತೊಳೆದು ಪರದೆಗೆ ಒರೆಸುತ್ತಾನೆ. ಕುಡಿದ ಟೀ ಲೋಟದಲ್ಲೇ ಸಿಗರೇಟು ಅದ್ದುತ್ತಾನೆ. ಕತ್ತರಿಸಿದ ಕಾಲುಗುರನ್ನು ನೀರಿನ ಜಗ್ಗಿನ ಪಕ್ಕದಲ್ಲಿ ಗುಡ್ಡೆ ಹಾಕಿಟ್ಟು ಹೋಗುತ್ತಾನೆ. ಬಚ್ಚಲಿನ ಜಾಲರಿಯಿಂದ ಯಾರ್ಯಾರದೋ ಕೂದಲಿನ ಉಂಡೆಯನ್ನು ಬೆರಳು ಹಾಕಿ ಎಳೆಯುವಾಗ ಥೂವಕ್ಕನ ಹೊಟ್ಟೆ ತೊಳಸುತ್ತದೆ. ಎಷ್ಟು ವರ್ಷವಾದರೂ ಅದು ನಿಂತಿಲ್ಲ. ಸೂಟು ಬೂಟು ಹಾಕಿಕೊಂಡು, ಘಮ್ಮೆನ್ನುತ್ತಾ ಬೀಗದ ಕೈ ಕೊಟ್ಟು ಹೋದವರ ರೂಮೇ ಎಲ್ಲಕ್ಕಿಂತ ಹೊಲಸು. ಇಂಥವರಿಗೆ ಕೈಮುಗಿದು ‘ಮತ್ತೆ ಬನ್ನಿ ಸಾರ್’ ಅನ್ನಬೇಕು, ನೋಡಿ ಕರ್ಮ!

ಹೊಟ್ಟೆಯಲ್ಲಿ ತೊಳಸುವುದನ್ನು ಥೂವಕ್ಕ ನೆಂಟರ ಮುಂದೆ ಕಕ್ಕುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, “ಏನಾದ್ರೂ ಹೇಳಿ ಅತ್ತಿಗೆ, ಈ ವಾರ ಏನು ಸಿಕ್ತು?” ಎಂದು ಮೈದುನ ಶುರು ಮಾಡುತ್ತಿದ್ದ. ದಿಂಬಿನ ಕವರಿನೊಳಗೆ ಸಿಕ್ಕ ಹಲ್ಲಿನ ಸೆಟ್ಟು, ಬಕೆಟ್ಟಿನಲ್ಲಿ ಮೀನು ತೊಳೆದವನ ಕಥೆ, ಹಾಸಿಗೆಯ ಕೆಳಗಿನ ಹಳೇ ಬ್ಯಾಂಡೇಜು. ಅವಳು ಕೈ ಬಾಯಿ ತಿರುಗಿಸಿ ಹೇಳುತ್ತಿದ್ದರೆ ಉಣ್ಣುತ್ತಿದ್ದವರು ತಟ್ಟೆ ಪಕ್ಕಕ್ಕಿಟ್ಟು ನಗುತ್ತಿದ್ದರು. ಮೂವರು ಓರಗಿತ್ತಿಯರಲ್ಲಿ ಅವಳು ನಡುವಿನವಳು. ಹಿರಿಯಳಿಗೆ ಸ್ವಂತ ಮನೆ ಇತ್ತು, ಕಿರಿಯಳಿಗೆ ಚೆಲುವಿತ್ತು, ಬ್ಯೂಟಿ ಪಾರ್ಲರ್ ಇತ್ತು. ಇವಳಿಗೆ ಈ ಕಥೆಗಳಿದ್ದವು.

ಆದರೆ ಒಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಬೇರೆಯವರು ಹಾಸಿದ ಹಾಸಿಗೆಯಲ್ಲಿ ಅವಳು ಬುದ್ಧಿ ಬಂದಾಗಿನಿಂದ ಮಲಗಿದವಳಲ್ಲ. ತವರಿನಲ್ಲಿ ಹಿರಿಮಗಳು, ಎಲ್ಲರ ಹಾಸಿಗೆ ಸುತ್ತಿಡುವುದು, ಬಿಡಿಸುವುದು ಅವಳ ಪಾಲಿಗೆ. ಮದುವೆಯಾದ ಮೇಲೆ ಅತ್ತೆ ಮಾವನದು, ಗಂಡನದು, ಮಗಳದು. ಹಗಲೆಲ್ಲ ಲಾಡ್ಜಿನ ಮಂಚಗಳು. ಹೆರಿಗೆಗೆ ಆಸ್ಪತ್ರೆ ಸೇರಿದ ದಿನ ಕೂಡ ನರ್ಸು ಸುಕ್ಕು ಸುಕ್ಕಾಗಿ ಹಾಸಿದ್ದನ್ನು ನೋಡಲಾಗದೆ ನೋವಿನಲ್ಲೇ ಎದ್ದು ತಾನೇ ಎಳೆದು ಸರಿಮಾಡಿದ್ದಳು. ಲಾಡ್ಜಿನಲ್ಲಿ ಬಿಳಿ ಬೆಡ್‌ಶೀಟನ್ನು ಝಾಡಿಸಿ, ನಾಲ್ಕು ಮೂಲೆ ಮಡಿಚಿ, ಅಂಗೈಯಿಂದ ಸವರಿ ಮುಗಿಸಿದ ಮೇಲೆ ಅವಳು ಒಂದು ಗಳಿಗೆ ನಿಂತು ನೋಡುತ್ತಿದ್ದಳು. ಯಾವ ಪುಣ್ಯವಂತೆಗೋ ಇದು ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಯಾವನೋ ಧಡೂತಿ ಆಸಾಮಿ ಬಂದು ಬೂಟುಗಾಲಲ್ಲೇ ಅದರ ಮೇಲೆ ಉರುಳುತ್ತಿದ್ದ. ಒಂದು ವಾರ, ಬೇಡ, ಒಂದು ದಿನವಾದರೂ ಒಳ್ಳೆಯ ಹೋಟೆಲಿನ ಚೊಕ್ಕ ರೂಮಿನಲ್ಲಿ ಗೆಸ್ಟ್ ಆಗಿ ಇರಬೇಕು, ತಿರುಗಾಡಿ ಬರುವುದರೊಳಗೆ ಯಾರೋ ಹಾಸಿಗೆ ಹಾಸಿಟ್ಟಿರಬೇಕು. ಇಷ್ಟೇ ಅವಳ ಆಸೆ. ಹೇಳಿದರೆ ನಗುತ್ತಾರೆಂದು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಅಂಥವಳ ಕಿವಿಗೆ ಪ್ರವಾಸದ ಸುದ್ದಿ ಬಿದ್ದರೆ ಹೇಗಾಗಬೇಡ!

ಸುದ್ದಿ ಎತ್ತಿದವರು ಭಾವ, ಅಂದರೆ ಗಂಡನ ಅಣ್ಣ. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರು ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಭಾನುವಾರ ತಮ್ಮಂದಿರಿಬ್ಬರನ್ನೂ ಅವರ ಹೆಂಡಿರನ್ನೂ ಮನೆಗೆ ಕರೆಸಿ, ಸೋಫಾದಲ್ಲಿ ಸಾಲಾಗಿ ಕೂರಿಸಿ, ತಾವು ಎದುರಿಗೆ ನಿಂತರು. ನಿಂತುಕೊಂಡೇ ಸ್ಕೂಟರಿನ ಕೀಲಿಕೈಯಿಂದ ಕಿವಿ ಕೆರೆದುಕೊಂಡರು. ಕೆರೆದು, ತುದಿಯನ್ನು ನೋಡಿ, ಪ್ಯಾಂಟಿಗೆ ಒರೆಸಿ, ಅದೇ ಕೈಯಲ್ಲಿ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು. “ತಗೊಳ್ಳಮ್ಮ.” ಥೂವಕ್ಕ “ಹೊಟ್ಟೆ ತುಂಬಿದೆ ಭಾವ” ಎಂದು ಮುಖ ತಿರುಗಿಸಿದಳು.

“ಮೂರು ಜೋಡಿ,” ಎಂದರು ಭಾವ. “ಒಂದು ವಾರ. ಮಕ್ಕಳು ಮರಿ ಯಾರೂ ಇಲ್ಲ. ನಾವು ಮೂರು ಜನ, ನಮ್ಮ ಮೂರು ಜನ ಹೆಂಡ್ತೀರು. ದಕ್ಷಿಣದ ಕಡೆ ಆ ಹಳೇ ಬಂದರು ಊರಿದೆಯಲ್ಲ, ಅಲ್ಲಿಗೆ. ಚರಿತ್ರೆ ಇರೋ ಊರು. ಸುಮ್ನೆ ನೀರಲ್ಲಿ ಕಾಲಾಡಿಸಿ ಬರೋ ಜಾಗ ಅಲ್ಲ.”

ಆಮೇಲೆ ಆ ಊರಿನ ಪಾಠ ನಡೆಯಿತು. ಸಮುದ್ರಕ್ಕೆ ಮುಖ ಮಾಡಿದ ಕೋಟೆ, ಅದರ ಮೇಲೆ ತುಕ್ಕು ಹಿಡಿದ ಫಿರಂಗಿಗಳು, ದೀಪಸ್ತಂಭ, ಕಲ್ಲುಹಾಸಿನ ಓಣಿಗಳು, ಮರದ ಬಾಲ್ಕನಿ ಇಟ್ಟು ಕಟ್ಟಿದ ಹಳೇ ವ್ಯಾಪಾರಿಗಳ ಮನೆಗಳು. ಮೊದಲ ದಿನ ಕೋಟೆ, ಎರಡನೆಯ ದಿನ ದೀಪಸ್ತಂಭ ಎಂದು ಭಾವ ದಿನ ಹಂಚುತ್ತಾ ಹೋದರು. ಬೆಳಿಗ್ಗೆ ಏಳಕ್ಕೆ ಎಲ್ಲರೂ ಸ್ನಾನ ಮಾಡಿ ಬಾಗಿಲಲ್ಲಿ ನಿಂತಿರಬೇಕು ಎಂದಾಗ ಮೈದುನ, “ಹಾಜರಿ ಕೂಗ್ತೀಯಾ ಅಣ್ಣ?” ಎಂದ. ಮೈದುನನದು ಮೊಬೈಲ್ ಅಂಗಡಿ. ಗಂಭೀರವಾದ ಮಾತು ಅವನ ಮೈಗೆ ಆಗಿಬರುವುದಿಲ್ಲ. ಥೂವಕ್ಕನ ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್ ನಡೆಸುವವನು, ಅಣ್ಣನ ಎದುರು ಕೋಲೆಬಸವ. ಸಾಸರಿಗೆ ಟೀ ಸುರಿದುಕೊಂಡು ಸೊರ್ ಸೊರ್ ಎಂದು ಹೀರುತ್ತಾ ತಲೆಯಾಡಿಸುತ್ತಿದ್ದ.

“ಹೋಟೆಲ್ ಯಾವುದು ನೋಡೋಣ,” ಎಂದು ಮೈದುನ ಫೋನು ತೆಗೆದ. “ನಮ್ಮ ಅತ್ತಿಗೆ ಕೈಗೇ ಕೊಡ್ತೀನಿ. ಅವರ ಕಣ್ಣು ತಪ್ಪಿಸಿ ಒಂದು ಜಿರಲೆ ಕೂಡ ಓಡಾಡಲ್ಲ.”

ಫೋನಿನ ಗಾಜಿನ ಮೇಲೆ ಕಡಲೆಬೀಜದ ಎಣ್ಣೆ ಅಂಟಿತ್ತು. ಥೂವಕ್ಕ ಅದನ್ನು ಕರವಸ್ತ್ರದಿಂದ ಒರೆಸಿಕೊಂಡು ನೋಡತೊಡಗಿದಳು.

“ಇದಕ್ಕೆ ಸ್ವಿಮ್ಮಿಂಗ್ ಪೂಲ್ ಇದೆ ಅತ್ತಿಗೆ.”

“ಪೂಲಾ? ಊರೋರೆಲ್ಲ ಸ್ನಾನ ಮಾಡಿದ ನೀರು ಅನ್ನು. ಮುಂದಿನದು ತೋರಿಸು. ಥೂ, ಈ ಕೆಂಪು ಹೊದಿಕೆ ನೋಡು! ಕೆಂಪು ಯಾಕೆ ಹಾಕ್ತಾರೆ ಗೊತ್ತಾ? ಕಲೆ ಕಾಣಬಾರದು ಅಂತ. ವರ್ಷಕ್ಕೊಂದು ಸಲ ಒಗೆದ್ರೆ ಅದೇ ಹೆಚ್ಚು.”

“ಇದು ನೋಡಿ, ಲೋಟಕ್ಕೆ ಕಾಗದದ ಟೋಪಿ ಹಾಕಿಟ್ಟಿದ್ದಾರೆ. ಎಷ್ಟು ನೀಟು!”

“ನೀಟಾ? ಕಮೋಡ್ ಒರೆಸಿದ ಬಟ್ಟೇಲೇ ಲೋಟ ಒರೆಸಿ ಮೇಲೆ ಟೋಪಿ ಹಾಕೋರನ್ನ ನಾನು ಕಣ್ಣಾರೆ ನೋಡಿದ್ದೀನಿ.”

“ಅಯ್ಯೋ! ನಿಮ್ಮ ಲಾಡ್ಜಲ್ಲೇ?”

“ನನ್ನ ಮಹಡೀಲಿ ಅಲ್ಲಪ್ಪ. ಕೆಳಗಿನ ಮಹಡಿಯ ಮಹಾನುಭಾವ ಮಾಡ್ತಿದ್ದ. ಇನ್ನೊಂದು ಸಲ ಮಾಡಿದ್ರೆ ಆ ನೀರು ನಿನಗೇ ಕುಡಿಸ್ತೀನಿ ಅಂದೆ, ಬಿಟ್ಟ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯ ಓರಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದು, “ಸಾಕು ನಿಲ್ಲಿಸೇ, ತಿಂದಿದ್ದೆಲ್ಲ ಮೇಲೆ ಬರುತ್ತೆ,” ಎಂದಳು. ಥೂವಕ್ಕನಿಗೆ ಹುಮ್ಮಸ್ಸು ಏರಿತು. ಒಂದಾದ ಮೇಲೊಂದು ಹೋಟೆಲನ್ನು ಒಗೆದು ಹಿಂಡಿ ಹಾಕಿದಳು. ಆದರೆ ಅವಳ ಕಣ್ಣು ಬೇರೆಯದನ್ನೇ ಹುಡುಕುತ್ತಿತ್ತು, ಅದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಂದು ಸಿಕ್ಕಿತು. ಹಳೇ ಮನೆಯೊಂದನ್ನು ಹೋಟೆಲು ಮಾಡಿದ್ದರು. ದೊಡ್ಡದೇನಲ್ಲ. ಬಿಳಿಯ ಬೆಡ್‌ಶೀಟು, ಅದರ ಮೂಲೆ ಲಕೋಟೆ ಮಡಿಚಿದಷ್ಟು ಚೂಪು. ಬಚ್ಚಲಿನ ಟೈಲ್ಸಿನ ಸಂದಿಗಳು ಬೆಳ್ಳಗಿದ್ದವು. ಮೂಲೆಯಲ್ಲಿ ಬಕೆಟ್ಟನ್ನು ಬೋರಲು ಹಾಕಿದ್ದರು. ಫೋಟೋ ತೆಗೆಯುವವನಿಗೆ ಬಕೆಟ್ ಬೋರಲು ಹಾಕಬೇಕೆಂದು ಎಲ್ಲಿ ಹೊಳೆಯುತ್ತದೆ? ಅದು ಅಲ್ಲಿ ದಿನಾ ತೊಳೆಯುವ ಹೆಂಗಸಿನ ಕೈ. ಕಿಟಕಿಯಾಚೆ ಸಮುದ್ರ ಕಾಣುತ್ತಿತ್ತು.

“ಇದು ಆಗುತ್ತೆ,” ಎಂದಳು ಥೂವಕ್ಕ.

“ಅಬ್ಬಾ, ಒಂದು ಪಾಸಾಯ್ತು!” ಎಂದು ಮೈದುನ ಚಪ್ಪಾಳೆ ತಟ್ಟಿ ಆ ಹೋಟೆಲಿನ ವಿವರವನ್ನು ಅವಳ ಫೋನಿಗೂ ಕಳಿಸಿದ. ಭಾವ “ಹೂಂ, ನೋಡೋಣ” ಎಂದರು. ಅವರ ನೋಡೋಣವನ್ನು ಥೂವಕ್ಕ ಆಯಿತು ಎಂದೇ ತಿಳಿದಳು.

ಅಲ್ಲಿಂದ ಮುಂದೆ ಅವಳು ಅವಳಾಗಿರಲಿಲ್ಲ. ಲಾಡ್ಜಿನಲ್ಲಿ ಯಾವನೋ ವಾಶ್‌ಬೇಸಿನ್ನಿನಲ್ಲಿ ವಾಂತಿ ಮಾಡಿಟ್ಟು ಹೋಗಿದ್ದರೂ ಒಂದೇ ಥೂನಲ್ಲಿ ಮುಗಿಸಿದಳು. ಮ್ಯಾನೇಜರನ ಹತ್ತಿರ ಹೋಗಿ ಒಂದು ವಾರ ರಜೆ ಕೇಳಿದಳು.

“ನೀವು ಹೋಟೆಲಲ್ಲಿ ಇಳ್ಕೋತೀರಾ?” ಆತ ನಕ್ಕ. “ಪಾಪ, ಆ ಹೋಟೆಲ್‌ನೋರ ಗತಿ ಏನು!”

“ನಾನೇನೂ ಅನ್ನಲ್ಲಪ್ಪ ಅವರಿಗೆ,” ಎಂದಳು ಥೂವಕ್ಕ. ನಿಜವಾಗಿ ಹಾಗೇ ನಿರ್ಧಾರ ಮಾಡಿದ್ದಳು. ಮಾಪು ತಿರುಗಿಸುತ್ತಾ ತಿರುಗಿಸುತ್ತಾ ಆ ವಾರವನ್ನು ಮನಸ್ಸಿನಲ್ಲೇ ಕಳೆದುಬಿಟ್ಟಿದ್ದಳು. ಮೊದಲ ಬೆಳಿಗ್ಗೆ ಎದ್ದು ಹೊದಿಕೆ ಮಡಿಚದೆ ಹಾಗೇ ಬಿಡಬೇಕು. ಸ್ನಾನ ಮಾಡಿದ ಟವೆಲನ್ನು ಒಂದು ಸಲ ನೆಲಕ್ಕೆ ಎಸೆಯಬೇಕು. ಅಷ್ಟು ಅಂದುಕೊಂಡ ಮೇಲೆ, ಥೂ, ಬೇಡ, ಪಾಪ ಯಾರೋ ಬಗ್ಗಿ ಎತ್ತಬೇಕಲ್ಲ ಎಂದು ಮನಸ್ಸಿನಲ್ಲೇ ಆ ಟವೆಲನ್ನು ಎತ್ತಿ ಗೂಟಕ್ಕೆ ಹಾಕಿದಳು. ಮರಳಿನಲ್ಲಿ ನಡೆಯಲು ಹೊಸ ಚಪ್ಪಲಿ ಕೊಂಡಳು. ಗಂಡನಿಗೆ ಅದನ್ನು ತೋರಿಸಿದರೆ, “ಚೆನ್ನಾಗಿದೆ” ಎಂದು ಹಲ್ಲುಕಡ್ಡಿ ಆಡಿಸುತ್ತಲೇ ಹೇಳಿದ.

ಭಾವ ಎರಡನೆಯ ಸಲ ಎಲ್ಲರನ್ನೂ ಕರೆಸಿದಾಗ ಅವಳು ಆ ಹೊಸ ಚಪ್ಪಲಿಯನ್ನೇ ಹಾಕಿಕೊಂಡು ಹೋದಳು. ಹಿರಿಯ ಓರಗಿತ್ತಿ ಟೀಪಾಯಿಯ ಮೇಲೆ ಕಾಲು ಚಾಚಿ ಹಿಮ್ಮಡಿಯ ಒಣ ಚರ್ಮ ಸುಲಿಯುತ್ತಿದ್ದಳು, ಸುಲಿದ ಚೂರುಗಳನ್ನು ಅಲ್ಲೇ ಬಟ್ಟಲಿನ ಅಂಚಿಗೆ ಇಡುತ್ತಿದ್ದಳು. ಥೂವಕ್ಕ ಕಣ್ಣು ಮುಚ್ಚಿಕೊಂಡು, ಇನ್ನು ಕೆಲವೇ ದಿನ ಎಂದು ಸಮಾಧಾನ ಮಾಡಿಕೊಂಡಳು.

“ಎಲ್ಲ ಬುಕ್ ಆಯ್ತು,” ಎಂದರು ಭಾವ. “ಹೋಟೆಲ್ ಅಲ್ಲ. ಮನೆ! ಕೋಟೆ ಪಕ್ಕದಲ್ಲೇ. ಮೂರು ಬೆಡ್‌ರೂಮು, ಅಡುಗೆಮನೆ, ಗ್ಯಾಸು, ಪಾತ್ರೆ ಎಲ್ಲ ಇದೆ.”

ಥೂವಕ್ಕ ಕುಳಿತಲ್ಲಿಂದ ಮುಂದಕ್ಕೆ ಬಾಗಿದಳು. “ಹೋಟೆಲು ನೋಡಿದ್ವಲ್ಲ ಭಾವ?”

“ನೀನು ಅಷ್ಟೆಲ್ಲ ಹೇಳಿದ ಮೇಲೆ ಯಾರಮ್ಮ ಹೋಟೆಲ್ ಹಾಸಿಗೆ ಮುಟ್ತಾರೆ? ನಮ್ಮ ಕಣ್ಣು ತೆರೆಸಿದೋಳೇ ನೀನು. ಮನೆಯೋನು ಕ್ಲೀನಿಂಗಿಗೆ ಜನ ಕಳಿಸ್ಲಾ ಅಂದ. ಬೇಡವೇ ಬೇಡ ಅಂದೆ. ನಮ್ಮಲ್ಲೇ ಎಕ್ಸ್‌ಪರ್ಟ್ ಇದ್ದಾರೆ ಅಂದೆ!” ಭಾವ ದೊಡ್ಡದಾಗಿ ನಕ್ಕರು. “ಅಡುಗೆ ನೀವು ಮೂವರೂ ಸೇರಿ ಮಾಡ್ಕೊಳ್ಳಿ. ಗುಡಿಸೋದು, ಒರೆಸೋದು, ಹಾಸೋದು ಮಾತ್ರ ನಿನ್ನ ಇಲಾಖೆ. ಬೇರೆಯೋರು ಮಾಡಿದ್ರೆ ನಿನಗೂ ಹಿಡಿಸಲ್ಲ.”

“ಅವಳಿಗೆ ಅಭ್ಯಾಸ ಇದೆ,” ಎಂದಳು ಹಿರಿಯ ಓರಗಿತ್ತಿ, ಕಾಲಿನಿಂದ ಕಣ್ಣೆತ್ತದೆ. “ನನಗಂತೂ ಮಂಡಿ ನೋವು, ಅಡುಗೆಗೂ ನಿಲ್ಲೋಕಾಗಲ್ಲ.”

“ನನ್ನ ಕೈಗೆ ಫಿನಾಯಿಲ್ ಆಗಿಬರಲ್ಲ,” ಎಂದಳು ಕಿರಿಯವಳು ಉಗುರಿನ ಬಣ್ಣ ನೋಡಿಕೊಳ್ಳುತ್ತಾ.

“ಹಾಂ, ಮರೆತಿದ್ದೆ,” ಎಂದರು ಭಾವ. “ನಿಮ್ಮ ಲಾಡ್ಜಿಂದ ಒಂದಷ್ಟು ಬೆಡ್‌ಶೀಟ್ ತಂದುಬಿಡಮ್ಮ. ವಾಪಸ್ ಒಗೆದು ಕೊಟ್ರಾಯ್ತು.”

ಥೂವಕ್ಕ ಗಂಡನ ಕಡೆ ನೋಡಿದಳು. ಆತ ಸಾಸರಿನ ತಳ ನೋಡುತ್ತಿದ್ದ. ಊರಿಗೆಲ್ಲ ಥೂ ಅನ್ನುವ ಬಾಯಿ ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ತನ್ನ ಮೇಲೇ ಅವಳಿಗೆ ಅಸಹ್ಯವಾಗಿತ್ತು. ಹೇಳಿ ಹೇಳಿ ನಗಿಸಿದೆನಲ್ಲ, ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ದಾರಿಯುದ್ದಕ್ಕೂ ತನ್ನನ್ನೇ ಶಪಿಸಿಕೊಂಡಳು. ಮನೆಯ ಬಾಗಿಲು ತೆಗೆದು ಒಳಗೆ ಬಂದ ಮೇಲೆ ಗಂಡನನ್ನು ಹಿಡಿದುಕೊಂಡಳು.

“ರೀ, ನಿಮ್ಮಣ್ಣ ಅಷ್ಟು ಹೇಳ್ತಿದ್ರೆ ಬಾಯಲ್ಲಿ ಏನು ಇಟ್ಕೊಂಡಿದ್ರಿ?”

“ಏನು ಹೇಳಲಿ? ಮನೆ ಮಾಡು ಅಂತ ಅಣ್ಣನಿಗೆ ಹೇಳಿದ್ದೇ ನಾನು.”

ಥೂವಕ್ಕ ಅಲ್ಲೇ ಕುಳಿತುಬಿಟ್ಟಳು.

“ನಿನಗೋಸ್ಕರ ಕಣೇ,” ಎಂದ ಗಂಡ, ಕಳ್ಳನ ಮುಖದಲ್ಲಲ್ಲ, ನಿಜವಾಗಿ ಹಾಗೇ ನಂಬಿದವನ ಮುಖದಲ್ಲಿ. “ಹೋಟೆಲ್ ಹಾಸಿಗೆ ಅಂದ್ರೆ ನಿನಗೆ ಹೇಸಿಗೆ. ವರ್ಷಗಟ್ಟಲೆ ಅದನ್ನೇ ಕೇಳ್ಕೊಂಡು ಬಂದಿದ್ದೀನಿ. ವಾರಪೂರ್ತಿ ನಿದ್ದೆ ಇಲ್ದೆ ಒದ್ದಾಡ್ತೀಯ ಅಂತ ನಾನೇ ಬೇಡ ಅಂದೆ.”

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳೋದೇನಿದೆ ಅದರಲ್ಲಿ? ನೀನೇ ಥೂ ಥೂ ಅಂತಿದ್ದೆ.”

ಆಗ ಅವಳು ಹೇಳಿದಳು. ಜೀವಮಾನದಲ್ಲಿ ಮೊದಲ ಸಲ, ಗೋಡೆ ನೋಡಿಕೊಂಡು, ಮೆಲ್ಲಗೆ ಹೇಳಿದಳು. “ನನಗೆ ಆ ರೂಮು ಬೇಕಾಗಿತ್ತು. ಒಂದು ವಾರ ನಾನು ಪೊರಕೆ ಮುಟ್ಟಬಾರದು. ಯಾರಾದ್ರೂ ನನಗೆ ಹಾಸಿಗೆ ಹಾಸಿಡಬೇಕು. ಅಷ್ಟೇ ಇತ್ತು ನನಗೆ. ಅಣ್ಣನಿಗೆ ಹೇಳಿ. ಅವರು ನಾಲ್ಕು ಜನ ಆ ಮನೇಲಿ ಇರಲಿ, ನಾವಿಬ್ರೂ ಆ ಹೋಟೆಲಲ್ಲಿ ಇರೋಣ. ಹಗಲು ಎಲ್ಲರೂ ಜೊತೇಲೇ ತಿರುಗೋಣ. ಹೇಳ್ತೀರಾ?”

ಗಂಡ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. “ಅಷ್ಟೇನಾ? ಅದಕ್ಕೆ ಇಷ್ಟು ಸಿಟ್ಟಾ? ಹಾಸಿಗೆ ತಾನೇ, ನಾನೇ ಹಾಸಿಕೊಡ್ತೀನಿ ಬಿಡು.” ಹಾಗೆಂದು ಎದ್ದುಹೋಗಿ ನಿಜಕ್ಕೂ ಹಾಸಿದ. ಪ್ರೆಸ್ಸಿನ ಮಸಿ ಹೋಗದ ಉಗುರುಗಳಲ್ಲಿ ಬೆಡ್‌ಶೀಟನ್ನು ಹಿಡಿದು, ಕಾಲಿನ ಕಡೆಯದನ್ನು ತಲೆಯ ಕಡೆಗೆ ತಂದು, ಮಂಡಿಯಿಂದ ಒತ್ತಿ, ಒಂದು ಮೂಲೆ ನೆಲಕ್ಕೆ ಇಳಿಬಿಟ್ಟು, “ಬಾ, ಮಲಗು ಮಹಾರಾಣಿ” ಎಂದು ಕರೆದ. ಥೂವಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಬೆಡ್‌ಶೀಟಿನ ನಡುವೆ ಕರಿ ಹೆಬ್ಬೆಟ್ಟು ಮೂಡಿತ್ತು. ಅವಳಿಗೆ ತಡೆಯಲಾಗಲಿಲ್ಲ, ಕಿತ್ತು ಬೇರೆ ಹಾಸಿದಳು. “ನೋಡಿದ್ಯಾ? ನಿನಗೆ ಯಾರು ಮಾಡಿದ್ರೂ ಆಗಲ್ಲ,” ಎಂದ ಗಂಡ ಗೆದ್ದವನಂತೆ.

“ಅಣ್ಣನಿಗೆ ಹೇಳ್ತೀರೋ ಇಲ್ವೋ?”

“ಹೇಳೋಣ, ನೋಡೋಣ.” ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿ ಆತ ಮಗ್ಗುಲು ಬದಲಿಸಿದ.

ಹೇಳಲಿಲ್ಲ. ಥೂವಕ್ಕ ದಿನಾ 'ಹೇಳಿದ್ರಾ' ಎಂದು ಕೇಳಿದಳು, ದಿನಾ ಒಂದೊಂದು ನೆಪ ಸಿಕ್ಕಿತು. ಅಣ್ಣನಿಗೆ ನೆಗಡಿ. ಅಣ್ಣ ಯಾವುದೋ ಮದುವೆಗೆ ಹೋಗಿದ್ದಾನೆ. ಅಣ್ಣನ ಮೂಡು ಸರಿಯಿಲ್ಲ. ಕೊನೆಗೆ ಅವಳೇ ಫೋನು ಮಾಡಿ, “ಭಾವ, ನೀವೆಲ್ಲ ಹೋಗಿ ಬನ್ನಿ, ನಾನು ಬರಲ್ಲ,” ಎಂದು ಒಂದೇ ಮಾತಿನಲ್ಲಿ ಹೇಳಿ ಇಟ್ಟಳು.

ಮರುದಿನ ಸಂಜೆ ಭಾವ, ಹಿರಿಯ ಓರಗಿತ್ತಿ, ಮೈದುನ, ಅವನ ಹೆಂಡತಿ ನಾಲ್ವರೂ ಮನೆಗೆ ಬಂದಿಳಿದರು. ಒರೆಸಿ ಇನ್ನೂ ಆರದ ನೆಲದ ಮೇಲೆ ಭಾವ ಶೂ ಹಾಕಿಕೊಂಡೇ ನಡೆದು ಬಂದು ಕುರ್ಚಿಯಲ್ಲಿ ಕುಳಿತರು. ಅವರ ಹಿಂದೆ ಕೆಸರಿನ ಹೆಜ್ಜೆಗಳು ಬಾಗಿಲಿನಿಂದ ಸಾಲಾಗಿ ಬಂದಿದ್ದವು. ಥೂವಕ್ಕನ ಗಂಡ ಅಣ್ಣನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕುಳಿತ. ಅವಳು ಎಲ್ಲರಿಗೂ ಟೀ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಏನಮ್ಮ ಇದು?” ಎಂದರು ಭಾವ, ಎಂದೂ ಇಲ್ಲದಷ್ಟು ಮೆತ್ತಗೆ. “ಮೂರು ಜೋಡಿ ಅಂತ ಆಸೆಪಟ್ಟು ಹೊರಡಿಸಿದ್ದೀನಿ. ನೀನಿಲ್ದೆ ಹೋದ್ರೆ ಹೇಗೆ ಹೇಳು?”

ಥೂವಕ್ಕನ ಮನಸ್ಸು ಕರಗಿತು. ಏನಿದ್ದರೂ ಮನೆಯ ಹಿರಿಯರು, ನಾನು ಬರಲಿ ಅಂತ ಬಾಗಿಲವರೆಗೂ ಬಂದಿದ್ದಾರೆ, ಹೇಳಿದರೆ ಕೇಳಿಸಿಕೊಳ್ಳುತ್ತಾರೆ ಅಂದುಕೊಂಡಳು. “ಹಾಗಲ್ಲ ಭಾವ, ನನಗೆ ಏನಂದ್ರೆ...” ಎಂದು ಬಾಯಿ ತೆರೆಯುವಷ್ಟರಲ್ಲಿ ಹಿರಿಯ ಓರಗಿತ್ತಿ ನಡುವೆ ನುಗ್ಗಿದಳು.

“ಅದೇ ಮತ್ತೆ! ಅಷ್ಟು ದೊಡ್ಡ ಮನೇನ ಯಾರು ಗುಡಿಸ್ತಾರೆ? ಆರು ಜನದ ಬಚ್ಚಲು ಯಾರು ತೊಳೀತಾರೆ? ನಿನ್ನ ನಂಬ್ಕೊಂಡು ಕೆಲಸದೋರು ಬೇಡ ಅಂದಿದ್ದು ನಾವು.”

“ಯಾರಾದ್ರೂ ಕೆಲಸದವಳನ್ನ ಜೊತೇಲಿ ಕರ್ಕೊಂಡು ಹೋಗೋಣ ಬಿಡಿ,” ಎಂದಳು ಕಿರಿಯವಳು.

ಭಾವ ಕಣ್ಣು ಮುಚ್ಚಿ ಯೋಚಿಸಿದರು. ಯೋಚಿಸುತ್ತಾ ಕಿವಿಯೊಳಗೆ ಕಿರುಬೆರಳಾಡಿಸಿದರು. ಅವರ ಮುಖ ಅರಳಿತು. “ಹೊರಗಿನವಳು ಯಾಕೆ? ಅವಳಿಗೆ ಕೊಡೋದನ್ನ ಇವಳಿಗೇ ಕೊಟ್ರಾಯ್ತು! ನೋಡಮ್ಮ, ಒಂದು ವಾರದ ಕೂಲಿ ಲೆಕ್ಕ ಹಾಕಿ ನಿನ್ನ ಕೈಗೇ ಕೊಡ್ತೀನಿ. ಪುಕ್ಕಟೆ ದುಡಿಸ್ಕೊಂಡ್ರು ಅನ್ನೋ ಮಾತು ಬೇಡ. ಏನಂತೀಯ?”

ಮೈದುನನ ಮುಖದ ನಗೆ ಮಾತ್ರ ಸ್ವಲ್ಪ ಮಾಸಿತು. ಅವನು ಹೆಂಡತಿಯ ಮುಖ ನೋಡಿ ಟೀ ಲೋಟ ಬಾಯಿಗಿಟ್ಟ. ಥೂವಕ್ಕ ಗಂಡನನ್ನು ನೋಡಿದಳು. ಇಷ್ಟು ವರ್ಷ ಈ ಮನುಷ್ಯ ಅಣ್ಣನ ಎದುರು ಹೂಂ ಅನ್ನುವುದನ್ನೇ ನೋಡಿದ್ದಾಳೆ. ಆದರೂ ಈಗ, ಒಂದೇ ಒಂದು ಸಲ, ‘ಅಣ್ಣಾ, ಅವಳು ನನ್ನ ಹೆಂಡತಿ’ ಎಂಬಷ್ಟು ಮಾತು ಬರುತ್ತದೇನೋ ಎಂದು ಕಾದಳು.

“ನೀವೇನಂತೀರಿ?” ಎಂದು ಬಾಯಿಬಿಟ್ಟೇ ಕೇಳಿದಳು.

ಗಂಡನ ಮುಖದಲ್ಲಿ ಎದೆಯ ಮೇಲಿನ ಭಾರ ಇಳಿದ ನೆಮ್ಮದಿ ಕಾಣಿಸಿತು. “ಒಳ್ಳೇದೇ ಅಲ್ವೇನೇ? ಹೇಗೂ ಲಾಡ್ಜಲ್ಲಿ ರಜೆಗೆ ಸಂಬಳ ಹಿಡೀತಾರೆ. ಅದೂ ಬಂದ ಹಾಗಾಯ್ತು, ಸಮುದ್ರ ನೋಡಿದ ಹಾಗೂ ಆಯ್ತು.” ಅಣ್ಣನ ಕಡೆ ತಿರುಗಿ, “ಅವಳು ಬರ್ತಾಳೆ ಬಿಡು ಅಣ್ಣ,” ಎಂದು ಸಾಸರಿಗೆ ಟೀ ಸುರಿದುಕೊಂಡ.

ಬಚ್ಚಲಿನ ಜಾಲರಿಗೆ ಕೈ ಹಾಕಿದಾಗ ಬರುವ ಓಕರಿಕೆ ಇದರ ಮುಂದೆ ಏನೂ ಅಲ್ಲ. ಅದು ಕೈ ತೊಳೆದರೆ ಹೋಗುತ್ತದೆ. ಇದು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಇವನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದೆನಲ್ಲ ಎಂದು ಥೂವಕ್ಕನಿಗೆ ಮೈಯೆಲ್ಲ ಹುಳ ಹರಿದಂತಾಯಿತು. ಅಳು ಬರುತ್ತದೆಂದುಕೊಂಡಳು, ಬರಲಿಲ್ಲ. ಒಳಗೆ ಹೋಗಿ ಫೋನು ತಂದು, ಎಲ್ಲರ ಎದುರಿಗೇ ಮೈದುನ ಕಳಿಸಿದ್ದ ಹೋಟೆಲಿನ ನಂಬರಿಗೆ ಕರೆ ಮಾಡಿದಳು. ಸ್ಪೀಕರು ಹಾಕಿ ಟೇಬಲ್ಲಿನ ಮೇಲಿಟ್ಟಳು. ಆ ಕಡೆಯಿಂದ ಹೆಂಗಸೊಬ್ಬಳ ದನಿ ಹೋಟೆಲಿನ ಹೆಸರು ಹೇಳಿ ನಮಸ್ಕಾರ ಎಂದಿತು.

“ಸಮುದ್ರದ ಕಡೆ ರೂಮು ಬೇಕಾಗಿತ್ತಮ್ಮ. ಒಂದು ವಾರಕ್ಕೆ,” ಎಂದು ಥೂವಕ್ಕ ತಾರೀಕು ಹೇಳಿದಳು. ಭಾವ ಗೊತ್ತುಮಾಡಿದ್ದ ಅದೇ ವಾರ.

“ಇದೆ ಮೇಡಂ.”

“ಹಾಸಿಗೆ ದಿನಾ ನೀವೇ ಹಾಸ್ತೀರಾ?”

ಆ ಕಡೆಯವಳು ನಕ್ಕಳು. “ನಾವಲ್ದೆ ಇನ್ಯಾರು ಹಾಸ್ತಾರೆ ಮೇಡಂ? ನೀವು ಸುತ್ತಾಡ್ಕೊಂಡು ಬರೋದ್ರೊಳಗೆ ಆಗಿರುತ್ತೆ. ಎಷ್ಟು ಜನ ಬರ್ತೀರಿ?”

ಗಂಡ ಸಾಸರು ಕೆಳಗಿಟ್ಟು, ಹಲ್ಲು ಗಿಂಜುತ್ತಾ, ಅವಳಿಗೆ ಕಾಣುವ ಹಾಗೆ ಎರಡು ಬೆರಳು ಎತ್ತಿ ತೋರಿಸಿದ. ಥೂವಕ್ಕ ಆ ಬೆರಳುಗಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

“ಒಬ್ಬಳೇ,” ಎಂದಳು.

ಫೋನು ಇಟ್ಟ ಮೇಲೂ ಗಂಡನ ಬೆರಳುಗಳು ಮೇಲೆಯೇ ಇದ್ದವು. “ಮತ್ತೆ ನಾನು?” ಎಂದು ಕೇಳಿದ.

“ನಿಮಗೇನು, ಅಣ್ಣ ಮನೆ ಮಾಡಿದ್ದಾರಲ್ಲ. ಅಲ್ಲಿ ಗುಡಿಸೋರು ಇಲ್ವಂತೆ, ಪೊರಕೆ ತಗೊಂಡು ಹೋಗಿ. ಕೂಲಿ ಕೊಡ್ತಾರೆ.”